ತಂಗಿಯ ಕೂಸಿನ ಜಾಗ ಬಿಡಿಸಿ ಬಂದೆ

ಸಿಂಧನೂರಿನಿಂದ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವಳನ್ನು ಲಿಂಗಸುಗೂರಿನ ನಮ್ಮ ಶಾಲೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಕಾಂಗರೂ ಕಂಡಿರೇನ್ರಿ ಟೀಚರ್? ಕಂಡೆ. ಜೀವಂತ ಕಂಡದ್ದಕ್ಕಿಂತ ಲಾರಿಗೆ ಸಿಕ್ಕು ರಸ್ತೆಯ ಮಗ್ಗುಲಿಗೆ ಬಿದ್ದದ್ದನ್ನೇ ಹೆಚ್ಚು ಕಂಡೆ. ಇಷ್ಟು ಹೇಳಿದರೆ ಅವರಿಗೆ ಸಾಕಾಗುತ್ತದೆ. ಹೇಳಬೇಕಾದ ಸಂಗತಿ ಬೇರೆ ಇತ್ತು. ಸ್ಟಾಫ್‌ರೂಮಿನಲ್ಲಿ ಬಾಯಿ ಬರಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಶಾಹೀನ್. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ತವರು ಸಿಂಧನೂರಿನ ಬಳಿಯ ತುರ್ವಿಹಾಳ, ಅಲ್ಲಿ ಅಬ್ಬಾನದು ಕಿರಾಣಿ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಕನ್ನಡದ ಗಿರಾಕಿಗಳು. ಹಾಗಾಗಿ ನಾನೂ ನನ್ನ ತಂಗಿ ತಬಸ್ಸುಮಳೂ ಸಣ್ಣಂದಿನಿಂದ ಕನ್ನಡದಲ್ಲೇ ಮಾತಾಡಿಕೊಂಡು ಬೆಳೆದವರು. ಜಗಳ ಬಂದರೆ ಮಾತ್ರ ಮನೆಮಾತಾದ ದಖನಿಗೆ ಹೊರಳುತ್ತಿದ್ದೆವು. ತಬಸ್ಸುಮ್ ನರ್ಸಿಂಗ್ ಓದಿ, ಮಸ್ಕಿಯ ರಫೀಕನನ್ನು ಮದುವೆಯಾಗಿ, ಗಂಡ ಹೆಂಡತಿ ಇಬ್ಬರೂ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲೇ ನೆಲೆ ನಿಂತಿದ್ದಾರೆ. ಅವರಿಗೊಂದು ಹೆಣ್ಣುಕೂಸು, ಜೋಯಾ. ಮೂರು ವರ್ಷ ಇನ್ನೂ ತುಂಬಿರಲಿಲ್ಲ. ಅದನ್ನು ನಾನು ಫೋನಿನಲ್ಲಷ್ಟೇ ನೋಡಿದ್ದೆ.

ಉಳಿದಿದ್ದ ರಜೆಯನ್ನೆಲ್ಲ ಕೂಡಿಸಿ ಹೊರಟೆ. ಸಿಂಧನೂರಿನಲ್ಲಿ ಬೆಂಗಳೂರಿನ ಬಸ್ಸು ಹತ್ತುವಾಗ ಬ್ಯಾಗಿನಲ್ಲಿ ಶೇಂಗಾಚಟ್ನಿ, ಗುರೆಳ್ಳುಪುಡಿ, ಸಜ್ಜೆರೊಟ್ಟಿ, ಕೂಸಿಗೆ ತೇದು ನೆಕ್ಕಿಸಲು ಬಜೆಬೇರು. ಸಿಡ್ನಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಬಜೆಬೇರನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಇದೇನು ಅಂದ. ಕೂಸಿಗೆ ಮಾತು ಬೇಗ ಬರಲಿ ಅಂತ ಕೊಡುವ ಬೇರು ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಹೊರಗಿನ ಬೇರು ನಾರು ಅವರ ದೇಶದೊಳಗೆ ಬರುವಂತಿಲ್ಲವಂತೆ. ನಗುತ್ತಲೇ ಕಸದ ಡಬ್ಬಿಗೆ ಹಾಕಿದ. ತಂಗಿಯ ಕೂಸನ್ನು ಸರಿಯಾಗಿ ಸಾಕುವುದನ್ನು ತೋರಿಸಿಕೊಡಬೇಕು ಎಂದು ಹೊರಟವಳಿಗೆ ಬಾಗಿಲಲ್ಲೇ ಸಿಟ್ಟು ಬಂತು.

ನೆಲ್ಲಿನ ಊರು

ಸಿಡ್ನಿಯಿಂದ ರಫೀಕನ ಕಾರಿನಲ್ಲಿ ಇಡೀ ಹಗಲು ಒಳನಾಡಿನ ಕಡೆ ಹೋದೆವು. ಬಯಲು, ಕುರಿ, ಮತ್ತೆ ಬಯಲು. ಸಂಜೆಯ ಹೊತ್ತಿಗೆ ಒಂದು ಕಾಲುವೆ ಅಡ್ಡ ಬಂತು, ಅದರಾಚೆ ನೀರು ನಿಂತ ಗದ್ದೆ. ನಾನು ಎದ್ದು ಕೂತೆ. ಸಮುದ್ರ ದಾಟಿ ಬಂದರೂ ಸಿಂಧನೂರಿನ ಕಡೆಗೇ ಬಂದೆನೇನೋ ಅನ್ನಿಸಿತು.

"ಇಲ್ಲೂ ನೆಲ್ಲು ಬೆಳಿತಾರ್ರಿ ಆಪಾ," ಎಂದ ರಫೀಕ್; ತಂಗಿಯಂತೆ ಅವನೂ ನನ್ನನ್ನು ಆಪಾ, ಅಕ್ಕ, ಎಂದೇ ಕರೆಯುವುದು. "ನಾ ಕೆಲಸ ಮಾಡೋದೂ ರೈಸ್ ಮಿಲ್ಲಿನಾಗ. ಮಸ್ಕಿ ಬಿಟ್ಟು ಇಷ್ಟು ದೂರ ಬಂದು ಮತ್ತ ತೌಡಿನ ಧೂಳ ಕುಡಿಯಾಕತ್ತೀನಿ."

ಮರುದಿನ ತಲೆಯ ಮೇಲೆ ತೀರ ಕೆಳಗೆ ಒಂದು ಸಣ್ಣ ವಿಮಾನ ಹಾದುಹೋಯಿತು. ನಾನು ಬೆದರಿ ಕುಳಿತುಬಿಟ್ಟೆ. ಅದು ಗದ್ದೆಗೆ ಬೀಜ ಚೆಲ್ಲುವ ವಿಮಾನ. ಸಸಿ ಮಡಿ ಇಲ್ಲ, ಕೂಲಿಯವರಿಲ್ಲ, ಹಾಡಿಲ್ಲ. ಮೇಲಿನಿಂದ ಬಿತ್ತಿ ಮನೆಗೆ ಹೋಗುತ್ತಾರೆ. ಪಕ್ಕದ ಮನೆಯ ಮುದುಕಿ ಮರಿಯಾ ನಾನು ಕುಳಿತದ್ದನ್ನು ಬೇಲಿಯ ಮೇಲಿನಿಂದ ಕಂಡು, ತನ್ನ ಗಿಡದ ಟೊಮ್ಯಾಟೊ ನಾಲ್ಕು ತಂದು ಕೊಟ್ಟಳು. ಅವಳ ಹಿರಿಯರು ಇಟಲಿಯಿಂದ ಬಂದವರಂತೆ. ಅವಳ ಇಂಗ್ಲಿಷ್ ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ಆದರೂ ಟೊಮ್ಯಾಟೊ ಹುಳಿ ಇದೆಯೋ ಇಲ್ಲವೋ ಎಂಬ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು.

ಟೊಪ್ಪಿಗೆಯ ಮಕ್ಕಳು

ತಬಸ್ಸುಮಳದು ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಏಳುತ್ತಾಳೆ. ಜೋಯಾಳನ್ನು ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರವೊಂದಕ್ಕೆ ಬಿಟ್ಟು, ಅಲ್ಲಿಂದ ಡ್ಯೂಟಿಗೆ ಹೋಗುತ್ತಾಳೆ. ಸಂಜೆ ಯಾರು ಮೊದಲು ಬಿಡುವಾಗುತ್ತಾರೋ ಅವರು ಕರೆದುಕೊಂಡು ಬರುತ್ತಾರೆ.

ಮೊದಲ ವಾರ ನಾನೂ ಜೊತೆಗೆ ಹೋದೆ. ಅಲ್ಲಿ ಟೊಪ್ಪಿಗೆ ಇಲ್ಲದ ಕೂಸನ್ನು ಅಂಗಳಕ್ಕೆ ಬಿಡುವುದಿಲ್ಲ. ಬಿಸಿಲು ಅಷ್ಟು ಕೆಟ್ಟದಂತೆ. ನೋಡಿಕೊಳ್ಳುವ ಹೆಣ್ಣುಮಕ್ಕಳು ಕೂಸುಗಳ ಜೊತೆ ಮಾತಾಡುವಾಗ ಮೊಣಕಾಲೂರಿ ಅವುಗಳ ಕಣ್ಣಿನ ಮಟ್ಟಕ್ಕೆ ಇಳಿಯುತ್ತಾರೆ. ಕೂಸು ಏನು ತಿಂದಿತು, ಎಷ್ಟು ಮಲಗಿತು ಎಂಬುದು ತಾಯಿಯ ಮೊಬೈಲಿಗೆ ಬರುತ್ತದೆ. ಒಂದು ಕೂಸು ಅಳುತ್ತಿತ್ತು. ಒಬ್ಬಳು ಅದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು, ಅದರ ಅಳು ನಿಲ್ಲುವವರೆಗೂ ಕಿಟಕಿಯ ಹತ್ತಿರ ನಿಂತಳು. ಇದನ್ನೆಲ್ಲ ಕಣ್ಣಾರೆ ಕಂಡೆ. ಕಂಡರೂ ಮನಸ್ಸಿಗೆ ಇಳಿಯಲಿಲ್ಲ. ಹೆತ್ತವಳು ಇರುವಾಗ ಪಗಾರದವರ ಕೈಯಲ್ಲಿ ಕೂಸು ಬೆಳೆಯುತ್ತದಲ್ಲ ಎಂಬುದೊಂದೇ ನನ್ನ ತಲೆಯಲ್ಲಿ.

ಸಂಜೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ತಬಸ್ಸುಮಳನ್ನು ಕೇಳಿದೆ. "ಅಷ್ಟು ಮಂದಿ ಇಟ್ಟು ನೋಡ್ಕೋತಾರಲ್ಲ, ಫೀಸು ಹೆಂಗ ಕಟ್ತೀರಿ?"

"ಪೂರಾ ನಾವ ಕಟ್ಟಂಗಿದ್ರ ನನ್ನ ಪಗಾರ ಅದಕ್ಕ ಹೋಗ್ತಿತ್ತು ಆಪಾ. ಸರ್ಕಾರ ಒಂದು ಪಾಲು ಕಟ್ತೈತಿ. ನಾವಿಬ್ಬರೂ ಎಷ್ಟು ದುಡಿತೀವಿ, ಎಷ್ಟು ತಾಸು ಕೆಲಸದಾಗ ಇರ್ತೀವಿ ಅದನ್ನ ನೋಡಿ ಪಾಲು ಹಾಕ್ತಾರ. ಪಗಾರ ಕಡಿಮಿ ಇದ್ದವರಿಗೆ ಜಾಸ್ತಿ, ಜಾಸ್ತಿ ಇದ್ದವರಿಗೆ ಕಡಿಮಿ. ನಮ್ಮ ಕೈಗೆ ಕೊಡಂಗಿಲ್ಲ. ಸೀದಾ ಕೇಂದ್ರಕ್ಕ ಹೋಗ್ತೈತಿ."

"ಅಂದ್ರ ರೇಷನ್ ಇದ್ದಂಗ."

ಅವಳು ಚಾಕು ಕೆಳಗಿಟ್ಟಳು. "ಧರ್ಮ ಅಂತ ತಿಳಿಬ್ಯಾಡ. ಕೂಸು ನೋಡ್ಕೊಳ್ಳೋರು ಇದ್ರನ ನಾ ಕೆಲಸಕ್ಕ ಹೋಗ್ತೀನಿ. ನಾ ಹೋದ್ರನ ಆ ಮುದುಕರ ಮೈ ತೊಳಿಯೋರು ಇರ್ತಾರ, ಸರ್ಕಾರಕ್ಕ ತೆರಿಗಿ ಬರ್ತೈತಿ. ಅವರ ಲೆಕ್ಕದಾಗ ಅದು ರಸ್ತಾ ಹಾಕಿದಂಗ."

ಮಾತು ಸರಿಯಾಗಿಯೇ ಇತ್ತು. ನಾನು ಮಾತ್ರ 'ನಮ್ಮ ಅಮ್ಮಿ ನಮ್ಮನ್ನ ಯಾವ ಸರ್ಕಾರ ನಂಬಿ ಸಾಕಿದಳು' ಎಂದು ಹೇಳಿ, ಅವಳ ಉತ್ತರಕ್ಕೆ ಕಾಯದೆ ಅನ್ನಕ್ಕೆ ಎಸರಿಟ್ಟೆ.

ಮಸ್ಕಿಗೆ ಫೋನು

ಮಸ್ಕಿಯಲ್ಲಿ ರಫೀಕನ ತಾಯಿ ಖೈರುನ್‌ಬೀ ಇದ್ದಾರೆ. ನಾನು ಅವರಿಗೆ ಚಾಚಿ ಅನ್ನುತ್ತೇನೆ. ಸುಖವಾಗಿ ಬಂದು ಮುಟ್ಟಿದೆ ಎಂದು ಹೇಳಲು ಅವರಿಗೆ ಫೋನು ಹಚ್ಚಿದ್ದೆ. ಅಷ್ಟಕ್ಕೇ ಇಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಕೂಸು ಹೆಂಗೈತಿ?" ಅಂದರು.

"ಕೂಸು ಮನ್ಯಾಗ ಎಲ್ಲಿರ್ತೈತಿ ಚಾಚಿ. ಮುಂಜಾನೆದ್ದು ಯಾರ‍್ಯಾರದೋ ಕೈಯಾಗ ಕೊಟ್ಟು ಹೋಗ್ತಾರ. ಅದಕ್ಕ ಸರ್ಕಾರ ರೊಕ್ಕ ಕೊಡ್ತೈತಂತ. ಅಳಾಕತ್ತಿದ್ರ ಕೇಳೋರಿಲ್ಲ."

ಕೊನೆಯ ಮಾತು ಸುಳ್ಳು. ಅದು ಬಾಯಿಗೆ ಹೇಗೆ ಬಂತೋ ಹೇಳಲಾರೆ. ಮಾತಿಗೆ ಒಂದು ಮುಕ್ತಾಯ ಬೇಕಿತ್ತು, ಸಿಕ್ಕದ್ದನ್ನು ಹಚ್ಚಿದೆ.

ಎರಡು ಮೂರು ದಿನ ಬಿಟ್ಟು ರಫೀಕ್ ಬಾಡಿದ ಮೋರೆಯಲ್ಲಿ ಬಂದು ಹೆಂಡತಿಯನ್ನು ಒಳಗೆ ಕರೆದ. ಅವನ ತಾಯಿ ಫೋನಿನಲ್ಲಿ ಅತ್ತಿದ್ದರು. ಕೂಸನ್ನು ಹಾಗೆ ಎಲ್ಲೋ ಹಾಕುವುದಾದರೆ ತನಗೆ ಕಳಿಸಿಬಿಡಿ ಎಂದಿದ್ದರು. ಅವರಿಬ್ಬರೂ ಹೊರಗೆ ಬಂದಾಗ ನಾನು, ಮನೆಯಲ್ಲಿ ನಾನಿಲ್ಲವೇ, ನಾನಿರುವಷ್ಟು ದಿನವಾದರೂ ಕೂಸು ಮನೆಯಲ್ಲಿರಲಿ, ಆ ಜಾಗ ಬಿಡಿಸಿಬಿಡಿ ಎಂದೆ. ನೀ ಹೋದ ಮೇಲೆ? ಎಂದು ತಬಸ್ಸುಮ್ ಕೇಳಿದಳು. ಆಗ ಮತ್ತೆ ಸೇರಿಸಿದರಾಯಿತು ಎಂದೆ, ನಮ್ಮ ಶಾಲೆಗೆ ಹುಡುಗರನ್ನು ಸೇರಿಸಿದಷ್ಟು ಸುಲಭ ಎನ್ನುವಂತೆ. ಅವಳು ನನ್ನನ್ನೇ ನೋಡಿದಳು. ನಂತರ ಗಂಡನ ಮುಖ ನೋಡಿ, ಆಗಲಿ ಎಂದಳು.

ಮುಚ್ಚಿದ ಬಾಗಿಲು

ಮನೆಯಲ್ಲಿ ಉಳಿದ ಜೋಯಾ ದಿನಾ ಮುಂಜಾನೆ ಟೊಪ್ಪಿಗೆ ಹಾಕಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದಳು. ಗೆಳೆಯರ ಹೆಸರು ಹೇಳಿ ಕೇಳುತ್ತಿದ್ದಳು. ನಾನು ಮೈಸೂರುಪಾಕು ಕೊಟ್ಟು, ಕತೆ ಹೇಳಿ, ಕೊನೆಗೆ ಟಿವಿ ಹಚ್ಚಿ ಕೂರಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ಹಿಡಿಯುತ್ತಿತ್ತು. ನನ್ನ ಮಕ್ಕಳನ್ನು ಬೆಳೆಸಿದ್ದು ನನ್ನ ಅಮ್ಮಿ, ನಾನು ಶಾಲೆಗೆ ಹೋಗುತ್ತಿದ್ದೆ ಎಂಬುದು ಆಗ ನೆನಪಾಯಿತು.

ಒಂದು ದಿನ ಒಲೆಯ ಮೇಲೆ ರೊಟ್ಟಿ ಹಾಕಿ, ಕಸದ ಚೀಲ ಹೊರಗಿಟ್ಟು ಬರಲು ಹೋದೆ. ಹಿಂದಿನಿಂದ ಗಾಳಿ ಬಂದು ಬಾಗಿಲು ಹಾಕಿಕೊಂಡಿತು. ಅಲ್ಲಿನ ಬಾಗಿಲು ತಾನೇ ಬೀಗ ಬೀಳುವಂಥದ್ದು. ಬೀಗದ ಕೈ ಒಳಗೆ, ಫೋನು ಒಳಗೆ, ಕೂಸು ಒಳಗೆ, ಉರಿಯುವ ಒಲೆ ಒಳಗೆ.

"ಜೋಯಾ, ಬಾಗಿಲಾ ತೆಗಿಯವ್ವ," ಎಂದು ಬಡಿದೆ. ಮೊದಲು ಅವಳ ಅಳು ಕೇಳಿಸಿತು. ಆಮೇಲೆ ಹೊಗೆ ಎದ್ದರೆ ಕೂಗುವ ಯಂತ್ರ ಒಳಗೆ ಕೂಗತೊಡಗಿತು, ಅದರಲ್ಲಿ ಅಳು ಮುಳುಗಿಹೋಯಿತು. ನಾನು ಬರಿಗಾಲಲ್ಲಿ ಮರಿಯಾಳ ಮನೆಗೆ ಓಡಿದೆ. ಬೇಬಿ, ಫೈರ್, ಡೋರ್ ಎಂಬ ಮೂರೇ ಮಾತು ಬಂದವು. ಅವಳಿಗೆ ಅಷ್ಟು ಸಾಕಾಯಿತು; ಫೋನು ಮಾಡಿದಳು. ತಬಸ್ಸುಮಳ ನಂಬರು ನನಗೆ ಬಾಯಿಪಾಠ ಇರಲಿಲ್ಲ. ಅವಳು ಕೆಲಸ ಮಾಡುವ ಮನೆ ಯಾವುದೆಂದು ಮರಿಯಾಳಿಗೇ ಗೊತ್ತಿತ್ತು, ಅಲ್ಲಿಗೂ ತಿಳಿಸಿದಳು.

ಅಗ್ನಿಶಾಮಕದವರು ಸೈರನ್ ಹಾಕಿಕೊಂಡು ಬಂದು ಬಾಗಿಲು ಮೀಟಿ ಒಳಹೊಕ್ಕರು. ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ರೊಟ್ಟಿ ಕರಕಾಗಿ ಹೊಗೆ ತುಂಬಿತ್ತು, ಬೆಂಕಿ ಹತ್ತಿರಲಿಲ್ಲ. ಕೂಸು ಸೋಫಾದ ಹಿಂದೆ ಕಿವಿ ಮುಚ್ಚಿಕೊಂಡು ಕೂತಿತ್ತು. ಒಬ್ಬ ದಪ್ಪ ಮನುಷ್ಯ ಅದನ್ನು ಎತ್ತಿಕೊಂಡು ಬಂದ. ನಾನು ಕೈ ಚಾಚಿದೆ. ಅದು ಅವನ ಕೊರಳು ಬಿಡಲಿಲ್ಲ.

ತಬಸ್ಸುಮ್ ಡ್ಯೂಟಿಯ ಬಟ್ಟೆಯಲ್ಲೇ ಬಂದಳು. ಒಬ್ಬ ಮುದುಕನ ಸ್ನಾನ ಅರ್ಧಕ್ಕೆ ಬಿಟ್ಟು ಬಂದಿದ್ದಳು, ತೋಳು ಇನ್ನೂ ಒದ್ದೆ ಇದ್ದವು. ಈಗ ದಖನಿಯಲ್ಲಿ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವಳು ಕನ್ನಡದಲ್ಲೇ, ಮೆಲ್ಲಗೆ, "ಕಾಲಿಗೆ ಚಪ್ಪಲ್ ಹಾಕ್ಕೋ ಆಪಾ, ಸುಡಾಕತ್ತೈತಿ," ಎಂದಳು. ಬೈದಿದ್ದರೆ ಹಗುರಾಗುತ್ತಿದ್ದೆ.

ಸಂಜೆ ಮಿಲ್ಲಿನಿಂದ ಬಂದ ರಫೀಕ್ ಅಂಗಳದಲ್ಲಿ ಕೈಕಾಲು ತೊಳೆಯುತ್ತ ಹೇಳಿದ. "ಅಮ್ಮಿಗೆ ನೀವು ಹಂಗ ಹೇಳಬಾರದಿತ್ರಿ ಆಪಾ. ಅಳೋ ಕೂಸನ್ನ ಕೇಳೋರಿಲ್ಲ ಅಂದ್ರಂತ."

ತಬಸ್ಸುಮ್ ಬಾಗಿಲಲ್ಲಿ ನಿಂತಿದ್ದಳು. ಅತ್ತೆಗೆ ಸುದ್ದಿ ಕೊಟ್ಟವಳು ನಾನು ಎಂಬುದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಅವಳು ಒಳಗೆ ಹೋದಳು. ಅಂದು ಊಟಕ್ಕೆ ಬಡಿಸಿದವಳು ಅವಳೇ, ನನ್ನ ತಾಟಿಗೆ ಎಲ್ಲರಿಗಿಂತ ಮೊದಲು.

ಫೋನಿನೊಳಗೆ ಮೈಸೂರು

ಮರುದಿನ ನಾನೊಬ್ಬಳೇ ನಡೆದುಕೊಂಡು ಆ ಕೇಂದ್ರಕ್ಕೆ ಹೋದೆ. ತಬಸ್ಸುಮ್ ಮತ್ತೆ ಡ್ಯೂಟಿ ಬಿಟ್ಟು ಬರುವಂತಿರಲಿಲ್ಲ. ಮುಖ್ಯಸ್ಥೆ ಹೆಲೆನ್ ನನ್ನನ್ನು ಕೂರಿಸಿ ನೀರು ಕೊಟ್ಟಳು. ನನ್ನ ಇಂಗ್ಲಿಷಿನಲ್ಲಿ ಅಂಗಡಿ ವ್ಯವಹಾರ ನಡೆಯುತ್ತದೆ, ತಪ್ಪು ಒಪ್ಪಿಕೊಳ್ಳುವಷ್ಟು ಇಂಗ್ಲಿಷ್ ನನ್ನ ಹತ್ತಿರ ಇರಲಿಲ್ಲ. ನನ್ನ ತಡವರಿಕೆ ನೋಡಿ ಅವಳು ಯಾವ ಭಾಷೆ ಎಂದು ಕೇಳಿ, ಎಲ್ಲಿಗೋ ಫೋನು ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಅದರಿಂದ ಅಚ್ಚ ಮೈಸೂರು ಕಡೆಯ ಹೆಣ್ಣುದನಿ ಬಂತು. "ನಮಸ್ಕಾರ, ನಾನು ದುಭಾಷಿ. ಏನ್ ಹೇಳ್ಬೇಕು ಹೇಳಿ."

"ಜೋಯಾ ಅಂತ ಕೂಸು ಇತ್ತಲ್ರಿ, ಅದನ್ನ ನಾನ ಬಿಡಿಸೀನ್ರಿ," ಎಂದೆ.

ದುಭಾಷಿಗೆ ಅರ್ಥವಾಗಲಿಲ್ಲ. "ಕ್ಷಮಿಸಿ, ಮಗೂನ ಬಿಡಿಸಿದ್ದೀರಾ ಅಂದ್ರೆ... ಚಿತ್ರ ಬಿಡಿಸಿದ್ದೀರಾ ಮೇಡಂ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು, ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ ಪುಸ್ತಕದ ಕನ್ನಡಕ್ಕೆ ಹೋಗಬೇಕಾಯಿತು. "ಮಗುವನ್ನು ಈ ಕೇಂದ್ರದಿಂದ ಬಿಡಿಸುವಂತೆ ಒತ್ತಾಯ ಮಾಡಿದವಳು ನಾನು. ಇಲ್ಲಿ ಮಗು ಅತ್ತರೂ ಯಾರೂ ಕೇಳುವುದಿಲ್ಲ ಎಂದು ಊರಿಗೆ ಸುಳ್ಳು ಹೇಳಿದವಳೂ ನಾನೇ." ನಮ್ಮ ಮಾತಿನಲ್ಲಾದರೆ ಇದನ್ನು ಸುತ್ತಿ ಬಳಸಿ, ಒಂದು ನಿಟ್ಟುಸಿರು ಸೇರಿಸಿ ಹೇಳಿಬಿಡಬಹುದಿತ್ತು. ಪುಸ್ತಕದ ಕನ್ನಡದಲ್ಲಿ ಅಡಗಲು ಜಾಗವೇ ಇರಲಿಲ್ಲ. ಆ ಹೆಣ್ಣುಮಗಳು ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹಾಕಿದಳು. ಹೆಲೆನಳ ಮುಖ ನೋಡುತ್ತ ನಾನು ಅದನ್ನು ಎರಡನೇ ಸಲ ಕೇಳಿದೆ.

ಹೆಲೆನ್ ಸಿಟ್ಟಾಗಲಿಲ್ಲ. ಆ ಜಾಗ ಬೇರೆ ಕೂಸಿಗೆ ಹೋಗಿದೆ ಎಂದಳು. ಆ ಕೂಸಿನ ತಾಯಿ ಶಾಲೆಯ ಬಸ್ಸು ಓಡಿಸುವವಳು, ಈ ಜಾಗ ಸಿಕ್ಕಿತೆಂದೇ ಕೆಲಸಕ್ಕೆ ಮರಳಿದ್ದಾಳೆ. ಅವಳಿಂದ ಕಿತ್ತು ನಿಮಗೆ ಕೊಡಲಾಗದು. ಸರ್ಕಾರ ತನ್ನ ಪಾಲು ಕಟ್ಟಲು ಸಿದ್ಧವಿದ್ದರೂ ಕೂಸಿಗೆ ಜಾಗವೇ ಇಲ್ಲದಿದ್ದರೆ ಅದು ಯಾರಿಗೂ ಉಪಯೋಗವಿಲ್ಲ. ಈ ಊರಿನಲ್ಲಿ ಹೆಚ್ಚು ಕೇಂದ್ರಗಳಿಲ್ಲ, ಜನ ಕೂಸು ಹುಟ್ಟುವ ಮೊದಲೇ ಹೆಸರು ಬರೆಸುತ್ತಾರೆ. ಜೋಯಾಳ ಹೆಸರು ಮತ್ತೆ ಬರೆದುಕೊಳ್ಳುತ್ತೇನೆ, ವಾರದ ಯಾವುದಾದರೂ ದಿನದ ಜಾಗ ಖಾಲಿಯಾದರೆ ತಿಳಿಸುತ್ತೇನೆ ಎಂದಳು. ಆಮೇಲೆ ಇನ್ನೊಂದು ಕೇಳಿದಳು.

"ಮಗೂನ ಇಲ್ಲಿಂದ ಬಿಡಿಸ್ದಾಗ ತಾಯಿ ಏನಂದ್ರು ಅಂತ ಕೇಳ್ತಿದ್ದಾರೆ," ಎಂದಿತು ಫೋನು.

ಅವಳು ಆಗಲಿ ಅಂದಿದ್ದಳು, ಅಷ್ಟೆ. ಅವಳಿಗೇನನ್ನಿಸಿತು ಎಂದು ನಾನು ಕೇಳಿಯೇ ಇರಲಿಲ್ಲ.

"ಮೇಡಂ, ಲೈನಲ್ಲಿದ್ದೀರಾ? ಉತ್ತರ ಇಲ್ಲ ಅಂತ ಹೇಳ್ಲಾ?"

"ಹೇಳ್ರಿ," ಎಂದೆ.

ಉಳಿದ ದಿನಗಳು

ನಾನು ಹೊರಡುವ ಮುಂಚೆ ವಾರಕ್ಕೆ ಎರಡು ದಿನದ ಜಾಗ ಸಿಕ್ಕಿತು. ಮಿಕ್ಕ ದಿನಗಳಿಗೆಂದು ರಫೀಕ್ ಮಿಲ್ಲಿನಲ್ಲಿ ರಾತ್ರಿ ಪಾಳಿ ತೆಗೆದುಕೊಂಡ. ಅವನು ಬರುವಾಗ ಅವಳು ಹೊರಡುತ್ತಿದ್ದಳು. ಗಂಡ ಹೆಂಡತಿ ಬಾಗಿಲಲ್ಲಿ ಕಾರಿನ ಬೀಗದ ಕೈ ಬದಲಿಸಿಕೊಳ್ಳುವಾಗ ಆಡಿದ್ದೇ ಮಾತು. ಹಗಲೆಲ್ಲ ಅವನು ಕೂಸಿನ ಪಕ್ಕ ಅರೆನಿದ್ದೆಯಲ್ಲಿ ಇರುತ್ತಿದ್ದ. ನಾನು ಮನೆಯಲ್ಲೇ ಇದ್ದೆ, ಆದರೂ ಕೂಸನ್ನು ನನ್ನೊಬ್ಬಳ ಕೈಗೆ ಯಾರೂ ಬಿಡಲಿಲ್ಲ. ಬಿಡಿ ಎಂದು ನಾನು ಕೇಳಲೂ ಇಲ್ಲ.

ಇನ್ನೊಂದು ಸಂಗತಿಯನ್ನು ರಫೀಕ್ ಹೇಳಿ ತಿಳಿಯಿತು. ತಬಸ್ಸುಮಳನ್ನು ಮೇಲಿನ ಕೆಲಸದ ತರಬೇತಿಗೆ ಆರಿಸಿದ್ದರಂತೆ. ಪೂರ್ತಿ ವಾರ ಬರಲಾಗದು ಎಂದು ಅವಳು ಬರೆದುಕೊಟ್ಟಳು, ಅದು ಬೇರೊಬ್ಬಳಿಗೆ ಹೋಯಿತು. ನನ್ನೆದುರು ಅವಳು ಅದರ ಸುದ್ದಿ ಎತ್ತಲಿಲ್ಲ.

ಜೋಯಾ ಮತ್ತೆ ಕೇಂದ್ರಕ್ಕೆ ಹೋದ ಮೊದಲ ದಿನ ನಾನೂ ಹೋಗಿದ್ದೆ. ಗೇಟು ತೆರೆದದ್ದೇ ತಡ, ಅವಳು ಮರಳಿನ ಗುಂಡಿಯ ಕಡೆ ಓಡಿದಳು. ತಬಸ್ಸುಮ್ ಅವಳು ಹೋದ ಕಡೆಯೇ ನೋಡುತ್ತ ನಿಂತಿದ್ದಳು. ಈಗ ಕೇಳಬೇಕು ಅನ್ನಿಸಿತು.

"ಬಿಡಿಸಿದಾಗ ನಿನಗೇನನ್ನಿಸಿತ್ತು?" ಅಂದೆ.

"ಈಗ್ಯಾಕ ಬಿಡು."

"ಹೇಳು."

"ಊರಿಂದ ಆಪಾ ಬರ್ತಾಳ, ನಾ ಹೆಂಗ ನಿಭಾಯಿಸೀನಿ ನೋಡ್ತಾಳ ಅಂತ ಖುಷಿ ಇತ್ತು," ಎಂದಳು. ಅಷ್ಟು ಹೇಳಿ ಕಾರಿಗೆ ಹತ್ತಿದಳು.

ಹೊರಡುವ ದಿನ ನನ್ನ ಬ್ಯಾಗು ಕಟ್ಟಿದವಳೂ ಅವಳೇ. ಅತ್ತೆಗೊಂದು ಉಣ್ಣೆಯ ಶಾಲು ಇಟ್ಟಿದ್ದಳು. "ಮಸ್ಕಿಗೆ ಹೋಗಿ ಬಾ," ಎಂದಳು. ಹೋಗಿ ಏನು ಹೇಳಬೇಕೆಂದು ಇಬ್ಬರಿಗೂ ಗೊತ್ತಿತ್ತು.

ಮಸ್ಕಿ

ಬಂದ ಮೊದಲ ಭಾನುವಾರವೇ ಲಿಂಗಸುಗೂರಿನಿಂದ ಮಸ್ಕಿಗೆ ಹೋದೆ. ಬಸ್ಸಿನಲ್ಲಿ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಮಾತು ಜೋಡಿಸಿಕೊಳ್ಳುತ್ತಿದ್ದೆ. ಒಳಗೆ ಹೋಗಿ ಕೂತ ಮೇಲೆ ಆ ಜೋಡಣೆ ಏನೂ ಉಳಿಯಲಿಲ್ಲ.

"ಚಾಚಿ, ನಾ ನಿಮಗ ಸುಳ್ಳು ಹೇಳಿದ್ದೆ," ಎಂದೆ. ಜಾಗ ಬಿಡಿಸಿದ್ದು, ಬಾಗಿಲು ಹಾಕಿಕೊಂಡದ್ದು, ತರಬೇತಿ ತಪ್ಪಿದ್ದು, ಎಲ್ಲ ಹೇಳಿದೆ. ರಫೀಕನ ಅಕ್ಕ ಮುಮ್ತಾಜ್ ಗೋಡೆಗೆ ಒರಗಿ ಅಕ್ಕಿ ಹಸನು ಮಾಡುತ್ತಿದ್ದಳು. ಅವಳ ಕೈಯೂ ನಿಂತಿತ್ತು.

ಖೈರುನ್‌ಬೀ ನಾನು ಕೊಟ್ಟ ಶಾಲನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಒಂದೇ ಕೇಳಿದರು. "ಹಂಗಾದ್ರ ಕೂಸು ಅತ್ರ ಎತ್ಕೋತಾರ?"

"ಎತ್ಕೋತಾರ. ಅಳು ನಿಲ್ಲೋ ತನಕ ಎತ್ಕೊಂಡು ನಿಲ್ಲೋದು ನಾ ನೋಡೀನಿ."

ಅವರು ಶಾಲನ್ನು ಬಿಡಿಸಿ, ಮತ್ತೆ ಮಡಚಿದರು. "ನಾ ಮುಕ್ಕುಂದದ ಕಡಿ ಸಸಿ ಹಚ್ಚಾಕ ಹೋಗ್ತಿದ್ನೆವ್ವ. ರಫೀಕ್ ಆರು ತಿಂಗಳ ಕೂಸು. ಬದುವಿನ ಗಿಡಕ್ಕ ಸೀರಿ ಕಟ್ಟಿ ಅದರಾಗ ಹಾಕ್ತಿದ್ದೆ. ತೂಗೋರು ಯಾರು? ಇಕಿನ್ನ ಸಾಲಿ ಬಿಡಿಸಿ ಕರ್ಕೊಂಡು ಹೋದೆ. ಎರಡನೇತ್ತ ಇದ್ಲು. ರಫೀಕ್ ನಡಿಯಾಕ ಕಲಿತ, ಆಮ್ಯಾಲ ಅವನ ಹಿಂದ ಇನ್ನೊಂದು ಕೂಸು ಬಂತು. ಇಕಿ ಮತ್ತ ಸಾಲಿಗೆ ಹೋಗಲಿಲ್ಲ."

ನಾನು ಮುಮ್ತಾಜಳ ಕಡೆ ನೋಡಲಾರದೆ ಹೋದೆ. ಶಾಲೆ ಬಿಟ್ಟ ಹುಡುಗಿಯರ ಮನೆಗೆ ಹೋಗಿ, ಯಾಕೆ ಕಳಿಸುವುದಿಲ್ಲ ಎಂದು ತಾಯಂದಿರನ್ನು ಗದರಿಸಿ ಬಂದ ಟೀಚರ್ ನಾನು. ಒಳಗೆ ತೊಟ್ಟಿಲು ಇದೆಯೇ ಎಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

"ಫೋನ್ ಹಚ್ಚು," ಎಂದರು ಖೈರುನ್‌ಬೀ. ಹಚ್ಚಿ ಕೊಟ್ಟೆ. "ತಬಸ್ಸುಮ್, ನಾ ತಿಳೀದ ಅತ್ನೆವ್ವ. ನೀ ಕೂಸಿನ್ನ ಅಲ್ಲೇ ಬಿಡು. ಪೂರಾ ವಾರ ಸಿಕ್ರ ಪೂರಾ ವಾರ ಬಿಡು. ಕೆಲಸ ಬಿಡಬ್ಯಾಡ," ಎಂದರು. ಆ ಕಡೆಯಿಂದ ತಂಗಿಯ ದನಿ ಸಣ್ಣಗೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಕೂಸು ಅಲ್ಲಿ ಏನುಣ್ಣುತ್ತದೆ, ಮಧ್ಯಾಹ್ನ ಎಲ್ಲಿ ಮಲಗುತ್ತದೆ ಎಂದು ಅತ್ತೆ ಸೊಸೆ ಬಹಳ ಹೊತ್ತು ಮಾತಾಡಿದರು. ಫೋನು ನನ್ನ ಕೈಗೆ ಬರಬಹುದು ಎಂದು ಕಾದೆ. ಬರಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಮುಮ್ತಾಜ್ ಜೊತೆಗೆ ಬಂದಳು. ನನ್ನ ಬ್ಯಾಗನ್ನು ಅವಳೇ ಹಿಡಿದುಕೊಂಡಿದ್ದಳು. ಲಿಂಗಸುಗೂರಿನ ಬಸ್ಸು ಬಂದು ನಿಂತಾಗ ಅವಳು ನನ್ನ ಬ್ಯಾಗನ್ನು ಕೈಗೆ ಕೊಡುತ್ತ ಕೇಳಿದಳು.

"ಅಲ್ಲಿ ಕೂಸು ನೋಡ್ಕೋತಾರಲ್ರಿ, ಅವರಿಗೆ ಪಗಾರ ಇರ್ತೈತೇನ್ರಿ?"

"ಇರ್ತೈತಿ," ಎಂದೆ.

"ಹೌದ್ರಾ," ಎಂದಳು ಮುಮ್ತಾಜ್. ಬಸ್ಸು ಹೊರಡುವವರೆಗೂ ಅಲ್ಲೇ ನಿಂತಿದ್ದಳು.